ಕನ್ನಡ ಪುಸ್ತಕ ಓದೋಕೆ ಟ್ಯಾಬ್ ತಗೊಳ್ಳೋದಾ, ಇ-ಇಂಕ್ ತಗೊಳ್ಳೋದಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ನಾನು ರಿಟೈರ್ಡ್ ಹೈಸ್ಕೂಲ್ ಟೀಚರ್, ವಯಸ್ಸು 64. ಹೋದ ವರ್ಷ ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಯ್ತು. ದೂರದ್ದು ಚೆನ್ನಾಗಿ ಕಾಣತ್ತೆ, ಓದೋಕೆ ಮಾತ್ರ ಕನ್ನಡಕ ಬೇಕು. ರಾತ್ರಿ ಮಲಗಿಕೊಂಡು ಓದೋದು ನಲವತ್ತು ವರ್ಷದ ಅಭ್ಯಾಸ. ಫೋನಲ್ಲಿ ಮೈಲ್ಯಾಂಗ್ ಆ್ಯಪಲ್ಲಿ ಹದಿನೈದು ಪುಸ್ತಕ ತಗೊಂಡಿದೀನಿ, ಇಂಟರ್ನೆಟ್ ಆರ್ಕೈವ್‌ನಿಂದ ಹಳೇ ಪುಸ್ತಕಗಳ ಪಿಡಿಎಫ್ ಕೂಡ ಇಳಿಸ್ಕೊಂಡಿದೀನಿ, ಆದ್ರೆ ಅರ್ಧ ಗಂಟೆ ಓದೋಷ್ಟರಲ್ಲಿ ಕಣ್ಣುರಿ. ಮಗ ಕಿಂಡಲ್ (ಕಾಗದದ ಹಾಗೆ ಕಾಣೋ ಇ-ಇಂಕ್ ಪರದೆಯ, ಅಮೆಜಾನ್‌ನ ಪುಸ್ತಕ ಓದೋ ಡಿವೈಸ್) ಕಳಿಸ್ತೀನಿ ಅಂತಾನೆ, ಮಗಳು ದೊಡ್ಡ ಟ್ಯಾಬ್ ತಗೋಮ್ಮ ಅಂತಾಳೆ. ಬಲಗೈ ಮಣಿಕಟ್ಟಿನ ನೋವು ಬೇರೆ ಇದೆ. ಯಾವುದು ಸರಿ?
– ಓದುಗರೊಬ್ಬರು, ಸಾಗರ

ಉತ್ತರ: ಮೇಡಂ, ಯಾವ ಡಿವೈಸ್ ಅನ್ನೋದು ಆಮೇಲೆ, ನಿಮ್ಮ ಪುಸ್ತಕಗಳು ಎಲ್ಲಿವೆ ಅನ್ನೋದನ್ನ ಮೊದಲು ನೋಡೋಣ. ಇಂಗ್ಲಿಷ್ ಓದೋರಿಗೆ ಈ ಪ್ರಶ್ನೆನೇ ಬರಲ್ಲ, ಅವರಿಗೆ ಎಲ್ಲಾ ಕಡೆ ಎಲ್ಲಾ ಸಿಗತ್ತೆ. ನಮಗೆ ಹಾಗಲ್ಲ. 2016ರ ಡಿಸೆಂಬರಲ್ಲಿ ಅಮೆಜಾನ್‌ನೋರು ಕಿಂಡಲ್‌ಗೆ ಭಾರತದ ಭಾಷೆಗಳ ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂತು, ಕನ್ನಡ ಬರ್ಲಿಲ್ಲ. ಆವತ್ತಿನ ಬೇಜಾರು ನನಗಿನ್ನೂ ಹೋಗಿಲ್ಲ. ಹೊಸ ಕನ್ನಡ ಇ-ಪುಸ್ತಕ ಬೇಕು ಅಂದ್ರೆ ನಾವೆಲ್ಲ ಹೋಗೋದು ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್ ಇಂಥ ಕಡೆಗೇ. ಇವು ಆ್ಯಪ್‌ಗಳು, ಕಿಂಡಲ್ ಒಳಗೆ ಬೇರೆ ಆ್ಯಪ್ ಹಾಕೋಕೆ ಆಗಲ್ಲ. ಅಂದ್ರೆ ನೀವು ದುಡ್ಡು ಕೊಟ್ಟು ತಗೊಂಡಿರೋ ಹದಿನೈದು ಪುಸ್ತಕವೂ ಮಗ ಕಳಿಸೋ ಕಿಂಡಲ್‌ನಲ್ಲಿ ತೆಗೆಯೋದಿಲ್ಲ. ಇದನ್ನ ಮಗನಿಗೆ ಇವತ್ತೇ ಫೋನ್ ಮಾಡಿ ಹೇಳಿ, ಆರ್ಡರ್ ಮಾಡಿಬಿಟ್ರೆ ಕಷ್ಟ.

ಕಿಂಡಲ್ ಕೆಟ್ಟದ್ದು ಅಂತಲ್ಲ, ತುಂಬಾ ಒಳ್ಳೇ ಮೆಷಿನ್ ಅದು. ಈಗಿನ ಪೇಪರ್‌ವೈಟ್ ಅನ್ನೋ ಕಿಂಡಲ್ ಮಾದರಿ 7 ಇಂಚು, 211 ಗ್ರಾಂ ಅಷ್ಟೇ, ನೀರು ಬಿದ್ರೂ ಏನಾಗಲ್ಲ, ಒಂದ್ಸಲ ಚಾರ್ಜ್ ಮಾಡಿದ್ರೆ ವಾರಗಟ್ಟಲೆ ಬರತ್ತೆ. ಇಂಗ್ಲಿಷ್ ಕಾದಂಬರಿ ಜಾಸ್ತಿ ಓದೋರಾಗಿದ್ರೆ ಕಣ್ಣು ಮುಚ್ಚಿ ತಗೊಳ್ಳಿ ಅಂತಿದ್ದೆ.

ನಿಮಗೆ ನಾನು ಹೇಳೋದು 7 ಇಂಚಿನ, ಆಂಡ್ರಾಯ್ಡ್ ಇರೋ ಇ-ಇಂಕ್ ರೀಡರ್. ಬೂಕ್ಸ್ ಅನ್ನೋ ಚೀನಾ ಬ್ರ್ಯಾಂಡಿನದ್ದು ಈ ಥರದ್ರಲ್ಲಿ ಹೆಸರಾಗಿದೆ. ಪರದೆ ಕಿಂಡಲ್ ಥರದ್ದೇ, ಆದ್ರೆ ಒಳಗೆ ಫೋನಲ್ಲಿರೋ ಹಾಗೆ ಪ್ಲೇ ಸ್ಟೋರ್ ಇರತ್ತೆ, ಮೈಲ್ಯಾಂಗ್ ಹಾಕ್ಕೊಂಡು ನಿಮ್ಮ ಅದೇ ಅಕೌಂಟಲ್ಲಿ ಲಾಗಿನ್ ಆದ್ರೆ ಪುಸ್ತಕ ಎಲ್ಲಾ ಅಲ್ಲೇ ಬರತ್ತೆ. ತೂಕ ಸುಮಾರು 200 ಗ್ರಾಂ. ಮಗಳು ಹೇಳೋ 11 ಇಂಚಿನ ಟ್ಯಾಬ್ ಅರ್ಧ ಕೇಜಿ ಹತ್ರ ಬರತ್ತೆ, ಕವರ್ ಹಾಕಿದ್ರೆ ಇನ್ನೂ ಜಾಸ್ತಿ. ಮಲಗಿಕೊಂಡು ಒಂದೇ ಕೈಲಿ ಹಿಡಿಯೋರಿಗೆ, ಅದ್ರಲ್ಲೂ ಮಣಿಕಟ್ಟು ನೋವಿರೋರಿಗೆ, ಈ ವ್ಯತ್ಯಾಸ ಹತ್ತೇ ನಿಮಿಷಕ್ಕೆ ಗೊತ್ತಾಗತ್ತೆ. ಒಂದು ಕೊರತೆ ಅಂದ್ರೆ ಬ್ಯಾಟರಿ, ಕಿಂಡಲ್ ಥರ ವಾರಗಟ್ಟಲೆ ಬರಲ್ಲ, ಕೆಲವು ದಿನಕ್ಕೊಮ್ಮೆ ಚಾರ್ಜ್ ಬೇಕು. ಆ್ಯಪಲ್ಲಿ ಬೆರಳಿಂದ ಮೇಲೆ ಕೆಳಗೆ ಎಳೆದ್ರೆ ಹಿಂದಿನ ಪುಟದ ನೆರಳು ಉಳ್ಕೊಳ್ಳತ್ತೆ, ಅದಕ್ಕೆ ಪುಟ ತಿರುಗಿಸೋ ಸೆಟ್ಟಿಂಗ್ ಇದ್ರೆ ಅದನ್ನೇ ಇಟ್ಕೊಳ್ಳಿ. ಆನ್‌ಲೈನಲ್ಲಿ ತರಿಸೋದಾದ್ರೆ ಇಲ್ಲಿ ರಿಪೇರಿ, ವಾರಂಟಿ ಯಾರು ನೋಡ್ಕೋತಾರೆ ಅಂತ ಮಾರೋರ ಹತ್ರ ಬರವಣಿಗೆಯಲ್ಲೇ ಕೇಳಿ.

ಈಗ ಆರ್ಕೈವ್ ಪಿಡಿಎಫ್ ವಿಷಯ. ಇದ್ರಲ್ಲಿ ಜಾಸ್ತಿ ಜನ ಸೋಲ್ತಾರೆ, ನಾನೂ ಮೊದಲ ಸಲ 6 ಇಂಚಿನದ್ದು ತಗೊಂಡು ಹಳೇ ಕಾದಂಬರಿ ತೆಗೆದು ನೋಡಿದಾಗ ಅಕ್ಷರ ಇರುವೆ ಸಾಲಿನ ಹಾಗೆ ಕಂಡು ಅಳು ಬರೋದೊಂದು ಬಾಕಿ. ಕಾರಣ ಸುಲಭ. ಸ್ಕ್ಯಾನ್ ಮಾಡಿದ ಪುಟ ಅಂದ್ರೆ ಫೋಟೋ, ಅದ್ರಲ್ಲಿ ಅಕ್ಷರ ಮಾತ್ರ ದೊಡ್ಡದು ಮಾಡೋಕೆ ಬರಲ್ಲ, ಇಡೀ ಪುಟನೇ ಹಿಗ್ಗಿಸ್ಬೇಕು. ನಮ್ಮ ಪುಸ್ತಕಗಳು ಹೆಚ್ಚಾಗಿ ಡೆಮಿ 1/8, ಅಂದ್ರೆ ಅಗಲ ಐದೂವರೆ ಇಂಚು, ಎತ್ತರ ಎಂಟೂವರೆ. ಪರದೆಯ ಇಂಚಿನ ಲೆಕ್ಕ ಮೂಲೆಯಿಂದ ಮೂಲೆಗೆ, ಹಾಗಾಗಿ 6 ಇಂಚಿನ ಪರದೆಯ ಅಗಲ ಮೂರೂವರೆ ಇಂಚು ಚಿಲ್ಲರೆ. ಪುಟ ಸುಮಾರು ಮುಕ್ಕಾಲಿಗಿಂತ ಕಮ್ಮಿಗೆ ಕುಗ್ಗಿಹೋಗತ್ತೆ. 7 ಇಂಚಿನದ್ದು ಕೂಡ ನೆಟ್ಟಗೆ ಹಿಡಿದ್ರೆ 4.2 ಇಂಚೇ ಅಗಲ. ಆದ್ರೆ ಅದನ್ನ ಅಡ್ಡ ಹಿಡೀರಿ, ಅಗಲ 5.6 ಇಂಚು ಆಗತ್ತೆ! ಡೆಮಿ ಪುಟದ ಪೂರ್ತಿ ಅಗಲ, ಅಚ್ಚಾದ ಅಳತೆಯಲ್ಲೇ. ಒಂದ್ಸಲಕ್ಕೆ ಅರ್ಧ ಪುಟ, ಒಂದು ಟ್ಯಾಪ್, ಇನ್ನರ್ಧ ಪುಟ. ಸುತ್ತ ಇರೋ ಬಿಳಿ ಅಂಚನ್ನ ಕ್ರಾಪ್ ಮಾಡೋ ಆಯ್ಕೆ ಕೊಟ್ರೆ ಅಕ್ಷರ ಮೂಲ ಪುಸ್ತಕಕ್ಕಿಂತಲೂ ದೊಡ್ಡದಾಗಿ ಬರತ್ತೆ. ನಾನು ಈಗ ಹಳೇ ಪುಸ್ತಕ ಎಲ್ಲಾ ಹೀಗೇ ಓದೋದು.

10.3 ಇಂಚಿನ ಇ-ಇಂಕಲ್ಲಿ ಡೆಮಿ ಪುಟ ಇಡಿಯಾಗಿ ಹೆಚ್ಚುಕಮ್ಮಿ ಮೂಲದ ಅಳತೆಗೇ ಕೂರತ್ತೆ, ಆಸೆ ಆಗತ್ತೆ ನೋಡಿದ್ರೆ, ಆದ್ರೆ ತೂಕ, ಬೆಲೆ ಎರಡೂ ಏರತ್ತೆ. ಇನ್ನೊಂದು ಎಚ್ಚರಿಕೆ, ಅಂಥ ದೊಡ್ಡವುಗಳಲ್ಲಿ ಕೆಲವಕ್ಕೆ ಒಳಗೆ ಲೈಟೇ ಇರಲ್ಲ, 2024ರಲ್ಲಿ ಬಂದ ಬೂಕ್ಸ್ ಗೋ 10.3 ಅಂಥದ್ದು. ರಾತ್ರಿ ಓದೋ ನಿಮಗೆ ಅದು ಬೇಡವೇ ಬೇಡ.

ಹೊಸ ಪಿಡಿಎಫ್‌ಗಳಲ್ಲಿ ಬೇರೆ ತೊಂದರೆ. ಹಳೇ ನುಡಿ, ಬರಹ ಫಾಂಟಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಒಳಗೆ ಇರೋದು ಬೇರೆ ಅಕ್ಷರಗಳ ಸಂಕೇತ. ಅದನ್ನ ರೀಫ್ಲೋ ಮಾಡಿ, ಅಂದ್ರೆ ಸಾಲುಗಳನ್ನ ಪರದೆಗೆ ತಕ್ಕ ಹಾಗೆ ಮತ್ತೆ ಜೋಡಿಸಿ, ಅಕ್ಷರ ದೊಡ್ಡದು ಮಾಡೋಕೆ ಹೋದ್ರೆ ಅರ್ಥವೇ ಇಲ್ಲದ ಗುರುತುಗಳು ಬರತ್ತೆ. ಫೈಲ್ ಕೆಟ್ಟಿದೆ ಅಂತ ಅಳಿಸಬೇಡಿ, ಅಡ್ಡ ಹಿಡ್ಕೊಂಡು ಹಾಗೇ ಓದಿ. ಯೂನಿಕೋಡಲ್ಲಿರೋ (ಎಲ್ಲಾ ಡಿವೈಸಿಗೂ ಅರ್ಥ ಆಗೋ ಅಕ್ಷರ ಸಂಕೇತ) ಇಪಬ್, ಅಂದ್ರೆ ಅಕ್ಷರ ದೊಡ್ಡದು ಚಿಕ್ಕದು ಮಾಡೋಕೆ ಬರೋ ಇ-ಪುಸ್ತಕದ ಫೈಲ್, ಸಿಕ್ಕಿದ್ರೆ ಅದೇ ಎಲ್ಲಕ್ಕಿಂತ ಚೆಂದ. ಡಿವೈಸ್ ಕೈಗೆ ಬಂದ ದಿನವೇ ಸ್ತ್ರೀ, ರಾಷ್ಟ್ರ, ಸ್ವಾತಂತ್ರ್ಯ, ಜ್ಯೋತ್ಸ್ನೆ ಇಂಥ ಪದ ಇರೋ ಪುಟ ತೆಗೆದು ಒತ್ತಕ್ಷರ ಸರಿಯಾಗಿ ಕೂತಿದ್ಯಾ ನೋಡಿ, ಕೂತಿಲ್ಲ ಅಂದ್ರೆ ವಾಪಸ್ ಮಾಡೋ ಗಡುವಿನೊಳಗೇ ವಾಪಸ್ ಮಾಡಿ. ಸಾಲುಗಳ ನಡುವಿನ ಅಂತರ ಸ್ವಲ್ಪ ಜಾಸ್ತಿ ಇಡಿ, ಕನ್ನಡಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು ಎರಡಕ್ಕೂ ಜಾಗ ಬೇಕು. ಎರಡೂ ಅಂಚು ಸಮ ಮಾಡೋ ಸೆಟ್ಟಿಂಗ್ ತೆಗೀರಿ, ನಮ್ಮ ಪದಗಳು ಉದ್ದ, ದೊಡ್ಡ ಅಕ್ಷರದಲ್ಲಿ ಸಾಲಿಗೆ ಮೂರ್ನಾಲ್ಕೇ ಪದ ಹಿಡಿದು ನಡುವೆ ದೊಡ್ಡ ದೊಡ್ಡ ಖಾಲಿ ಬಿದ್ದುಬಿಡತ್ತೆ.

ಕಣ್ಣಿನ ಬಗ್ಗೆ. ಇ-ಇಂಕ್ ಔಷಧಿ ಅಲ್ಲ ಮೇಡಂ. ಅದ್ರಲ್ಲಿ ಕಪ್ಪು ಬಿಳಿ ಬಣ್ಣದ ಪುಡಿ ಕಣಗಳು ಸಣ್ಣ ಸಣ್ಣ ಗುಳಿಗೆಗಳೊಳಗೆ ಮೇಲೆ ಕೆಳಗೆ ಸರಿದು ಅಕ್ಷರ ಮೂಡತ್ತೆ, ಹೊರಗಿನ ಬೆಳಕು ಕಾಗದದ ಮೇಲೆ ಬಿದ್ದ ಹಾಗೆ ಬಿದ್ದು ಕಾಣತ್ತೆ, ಟ್ಯಾಬ್ ಥರ ಹಿಂದಿನಿಂದ ಬೆಳಕು ಕಣ್ಣಿಗೆ ಹೊಡೆಯಲ್ಲ. ಅದಕ್ಕೇ ತುಂಬಾ ಜನಕ್ಕೆ ಹಿತ ಅನ್ಸತ್ತೆ, ನನಗೂ ಹಾಗೇ. ಆದ್ರೆ ಯಾವ ಪರದೆ ಆದ್ರೂ ಎವೆಯಿಕ್ಕದೆ ನೋಡ್ತಾ ಕೂತ್ರೆ ಕಣ್ಣು ಒಣಗತ್ತೆ, ಉರಿಯತ್ತೆ, ಪೊರೆ ಆಪರೇಷನ್ ಆದ ಮೇಲೆ ಕಣ್ಣು ಒಣಗೋದು ಸಾಮಾನ್ಯ ಕೂಡ. ನಿಮ್ಮ ಉರಿ ಅದ್ರಿಂದಲೇ ಇರಬಹುದು, ದಯವಿಟ್ಟು ಡಾಕ್ಟರಿಗೆ ಒಮ್ಮೆ ತೋರಿಸಿ, ಡಿವೈಸ್ ಬಂದ ಮೇಲೆ ನೋಡೋಣ ಅಂತ ಕಾಯಬೇಡಿ. ಓದೋ ಕನ್ನಡಕ ಸಾಮಾನ್ಯವಾಗಿ ಸುಮಾರು 40 ಸೆಂಟಿಮೀಟರ್ ದೂರಕ್ಕೆ ಮಾಡಿರ್ತಾರೆ. ಫೋನಲ್ಲಿ ಅಕ್ಷರ ಸಣ್ಣದು ಅಂತ ಹತ್ರ ತಂದು ಹಿಡಿದ್ರೆ ಕಣ್ಣಿಗೂ ಕನ್ನಡಕಕ್ಕೂ ಜಗಳ. ಅಕ್ಷರ ದೊಡ್ಡದು ಮಾಡಿ, ದೂರ ಅಷ್ಟೇ ಇಡಿ. ರೂಮಿನ ಲೈಟ್ ಹಾಕಿರಿ, ಡಿವೈಸ್ ಲೈಟನ್ನ ಹಳದಿ ಕಡೆಗೆ ತಿರುಗಿಸಿ ಕಮ್ಮಿ ಇಟ್ರೆ ಸಾಕು.

ಪ್ರಶ್ನೆ: ಡಿಗ್ರಿ ಮುಗ್ಸಿ ಕೆಎಎಸ್‌ಗೆ ಓದ್ತಿದೀನಿ. ಎ4 ಅಳತೆಯ ನೋಟ್ಸ್, ನಕ್ಷೆ ಇರೋ ಪಿಡಿಎಫ್, ಪಠ್ಯಪುಸ್ತಕ ಎಲ್ಲಾ ಇದೆ. ಕಣ್ಣಿಗೆ ಒಳ್ಳೇದು ಅಂತ ಎಲ್ಲರೂ ಇ-ಇಂಕ್ ಅಂತಾರೆ, ಬಜೆಟ್ ಕಮ್ಮಿ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮಗೆ ಟ್ಯಾಬೇ ಸರಿ ತಮ್ಮಾ. ಬಣ್ಣದ ನಕ್ಷೆ, ಹಿಂದೆ ಮುಂದೆ ಹಾರಾಡಿ ಓದೋದು, ವಿಡಿಯೋ ಕ್ಲಾಸು, ಇದ್ಯಾವುದೂ ಇ-ಇಂಕ್ ಕೆಲಸ ಅಲ್ಲ, ಎ4 ಹಿಡಿಯೋಷ್ಟು ದೊಡ್ಡ ಇ-ಇಂಕ್ ನಿಮ್ಮ ಬಜೆಟ್ಟಿಗೆ ಸಿಗೋದೂ ಇಲ್ಲ. 10ರಿಂದ 11 ಇಂಚಿನ ಸಾಧಾರಣ ಆಂಡ್ರಾಯ್ಡ್ ಟ್ಯಾಬ್ ತಗೊಂಡು ಮ್ಯಾಟ್ ಸ್ಕ್ರೀನ್ ಗಾರ್ಡ್ ಹಾಕ್ಸಿ, ಟ್ಯೂಬ್‌ಲೈಟ್ ಪ್ರತಿಬಿಂಬ ಹೊಡೆಯೋದು ನಿಲ್ಲತ್ತೆ. ಕೈಲಿ ಹಿಡೀಬೇಡಿ, ಮೇಜಿನ ಮೇಲೆ ಸ್ಟ್ಯಾಂಡಲ್ಲಿ ಇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ್ದನ್ನ ಇಪ್ಪತ್ತು ಸೆಕೆಂಡ್ ನೋಡಿ ಅಂತ ಕಣ್ಣಿನ ಡಾಕ್ಟರುಗಳು ಹೇಳೋದನ್ನ ಪಾಲಿಸಿ. ಪರೀಕ್ಷೆ ಹತ್ರ ಬಂದಾಗ ಮುಖ್ಯವಾದ ಐವತ್ತು ಪುಟ ಝೆರಾಕ್ಸ್ ಮಾಡ್ಸಿಕೊಳ್ಳಿ, ಪೆನ್ನಲ್ಲಿ ಗೆರೆ ಹಾಕ್ಕೊಂಡು ಓದಿದ್ದು ನೆನಪಲ್ಲಿ ಚೆನ್ನಾಗಿ ಉಳಿಯತ್ತೆ ಅನ್ನೋದು ನನ್ನ ಅನುಭವ.

ಪ್ರಶ್ನೆ: ಮಕ್ಕಳಿಗೆ 7 ಮತ್ತು 9 ವರ್ಷ. ಕನ್ನಡ ಚಿತ್ರದ ಕಥೆ ಓದ್ಸೋಕೆ ಕಲರ್ ಇ-ಇಂಕ್ ತಗೊಳ್ಳೋಣ ಅಂತಿದೀವಿ.
– ಓದುಗರೊಬ್ಬರು, ಅಬುಧಾಬಿ

ಉತ್ತರ: ಈಗ್ಲೇ ಬೇಡ. ಕೆಲಿಡೋ 3 ಅನ್ನೋ ಕಲರ್ ಇ-ಇಂಕ್ ಪರದೆಯಲ್ಲಿ ಕಪ್ಪು ಅಕ್ಷರ 300 ಪಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ, ಜಾಸ್ತಿ ಇದ್ದಷ್ಟೂ ಸ್ಪಷ್ಟ), ಬಣ್ಣ ಮಾತ್ರ 150. ಬಣ್ಣಕ್ಕೆ ಅಂತ ಮೇಲೆ ಒಂದು ಫಿಲ್ಟರ್ ಪದರ ಇರೋದ್ರಿಂದ ಪರದೆಯೂ ಸ್ವಲ್ಪ ಮಂಕು, ಚಿತ್ರಗಳು ಹಳೇ ದಿನಪತ್ರಿಕೆಯ ಬಣ್ಣದ ಥರ ಕಾಣ್ತವೆ, ಮಕ್ಕಳಿಗೆ ಅದು ಹಿಡಿಸಲ್ಲ. ಮನೇಲಿರೋ ಟ್ಯಾಬೇ ಸಾಕು. ಪ್ರಥಮ್ ಬುಕ್ಸ್‌ನೋರ ಸ್ಟೋರಿವೀವರಲ್ಲಿ ಕನ್ನಡ ಕಥೆಗಳು ಉಚಿತವಾಗಿವೆ, ಡೌನ್‌ಲೋಡ್ ಮಾಡ್ಕೊಂಡು ಏರೋಪ್ಲೇನ್ ಮೋಡ್ ಹಾಕಿ ಕೊಡಿ. ಅಲ್ಲಿ ಓದಿನ ಹಂತ 1ರಿಂದ 4ರವರೆಗೆ ಇದೆ. ದೊಡ್ಡೋನಿಗೆ 9 ವರ್ಷ ಅಂತ ಸೀದಾ 3ಕ್ಕೆ ಹೋಗಬೇಡಿ, ಕನ್ನಡ ಅಕ್ಷರ ಹೊಸದಾಗಿದ್ರೆ ಇಬ್ಬರಿಗೂ 1ರಿಂದಲೇ ಶುರು ಮಾಡ್ಸಿ, ದೊಡ್ಡೋನು ಚಿಕ್ಕೋರಿಗೆ ಓದಿ ಹೇಳಲಿ.