ಥರ್ಮೋಕೋಲ್ ಬೆಟ್ಟಕ್ಕೆ ಗುಂಡಿ ಬಿದ್ದಿದೆ!

ಪ್ರಶ್ನೆ: ಏಳನೇ ತರಗತಿ ಮಕ್ಕಳಿಗೆ ಜಲಾನಯನ ಪ್ರದೇಶ ತೋರಿಸಲು ಥರ್ಮೋಕೋಲ್‌ನಲ್ಲಿ ಬೆಟ್ಟ ಮಾಡಿದೆ. ಸ್ಪ್ರೇ ಪೇಂಟ್ ಹೊಡೆದ ಕೂಡಲೇ ಕರಗಿ ಗುಂಡಿ ಬಿತ್ತು. ಏನು ಮಾಡಲಿ?
– ಒಬ್ಬ ಶಿಕ್ಷಕಿ, ತರೀಕೆರೆ

ಉತ್ತರ: ಮೇಡಂ, ನನ್ನ ಮೊದಲ ಬೆಟ್ಟಕ್ಕೂ ಹೀಗೇ ಆಗಿತ್ತು. ತುಂಬಾ ಬೇಜಾರಾಗುತ್ತೆ ಅಲ್ವಾ? ಸ್ಪ್ರೇಯಲ್ಲಿರುವ ದ್ರಾವಕ ಥರ್ಮೋಕೋಲನ್ನು ಕರಗಿಸಿಬಿಡುತ್ತದೆ. ಬಿಸಾಡಬೇಡಿ. ನೆನೆಸಿದ ಪೇಪರ್ ಚೂರಿಗೆ ಫೆವಿಕಾಲ್ ಕಲಸಿ ಗುಂಡಿ ತುಂಬಿ. ಮೇಲೆ ಹಳೇ ಪೇಪರ್ ಎರಡು ಪದರ ಅಂಟಿಸಿ. ಪೂರ್ತಿ ಒಣಗಿದ ಮೇಲೆ ಮನೆಯ ಹೊರಗೋಡೆಗೆ ಹಚ್ಚುವ ಎಮಲ್ಷನ್ ಎರಡು ಸಲ ಬಳಿಯಿರಿ. ಪೋಸ್ಟರ್ ಕಲರ್ ಬೇಡ, ನೀರು ಬಿದ್ದರೆ ಬಣ್ಣ ಬಿಡುತ್ತದೆ.

ಸುಮ್ನೆ ಯಾವುದೋ ಬೆಟ್ಟ ಯಾಕೆ? ನಿಮ್ಮ ಜಿಲ್ಲೆಯ ಗಂಗಾಮೂಲವನ್ನೇ ಮಾಡಿ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ. ಮೊದಲಿನ ಎರಡು ಕೂಡ್ಲಿಯಲ್ಲಿ ಸೇರಿ, ಕೃಷ್ಣೆಯ ಜೊತೆ ಬಂಗಾಳಕೊಲ್ಲಿಗೆ ಹೋಗುತ್ತವೆ. ನೇತ್ರಾವತಿ ಮಂಗಳೂರಿನ ಹತ್ತಿರ ಅರಬ್ಬಿ ಸಮುದ್ರ ಸೇರುತ್ತಾಳೆ. ಬಾಟಲಿ ಮುಚ್ಚಳಕ್ಕೆ ತೂತು ಮಾಡಿ, ನೀಲಿ ಬೆರೆಸಿದ ನೀರನ್ನು ನೆತ್ತಿಯ ಮೇಲೆ ನಿಧಾನ ಸುರಿಸಿ. ಒಂದೇ ಮಳೆ ಎರಡು ಕಡೆ ಹರಿಯುವಾಗ ಮಕ್ಕಳ ಮುಖ ನೋಡಬೇಕು!

ಒಂದು ಇಳಿಜಾರಿಗೆ ಪಾತ್ರೆ ತಿಕ್ಕುವ ಸ್ಪಾಂಜ್ ಅಂಟಿಸಿ. ಅದೇ ಕಾಡು. ಅಲ್ಲಿ ನೀರು ಯಾಕೆ ತಡೆದು ಬರುತ್ತದೆ ಅಂತ ಮಕ್ಕಳನ್ನೇ ಕೇಳಿ.