ಪುಟಾಣಿ ಮಾಡೆಲ್‌ನಲ್ಲಿ ಗಿಡ, ಪೊದೆ ಮಾಡಲು ತಂದಿಟ್ಟ ಲೈಕೆನ್ (ಕಲ್ಲುಹೂವಿನಂಥದ್ದು) ಮುಟ್ಟಿದರೆ ಪುಡಿಯಾಗುತ್ತಿದೆ. ಮತ್ತೆ ಮೆತ್ತಗೆ ಮಾಡಬಹುದಾ?

ಖಂಡಿತ ಮಾಡಬಹುದು, ಎಸೆಯಬೇಡಿ. ಆದರೆ ಒಣಗಿರುವಾಗ ಗೊಂಚಲು ಬಿಡಿಸಲು ಮಾತ್ರ ಹೋಗಬೇಡಿ. ನಾನು ಮೊದಲ ಸಲ ಹಾಗೆ ಮಾಡಿ, ಅರ್ಧಕ್ಕರ್ಧ ಪುಡಿಯಾಗಿ ತುಂಬಾ ಬೇಜಾರಾಗಿತ್ತು. ಡಬ್ಬದಲ್ಲಿ ಇದ್ದ ಹಾಗೇ ಮೇಲಿಂದ ನೀರು ಸಿಂಪಡಿಸಿ, ಹತ್ತು ಹದಿನೈದು ನಿಮಿಷ ಸುಮ್ನೆ ಬಿಡಿ. ಸೆಟೆದು ನಿಂತಿದ್ದ ಸಣ್ಣ ಸಣ್ಣ ಕವಲುಗಳು ನಿಧಾನಕ್ಕೆ ಸಡಿಲವಾಗುತ್ತವೆ. ಬೆರಳಲ್ಲಿ ಒತ್ತಿದರೆ ಸ್ಪಂಜಿನ ಹಾಗೆ ಮೇಲೇಳುತ್ತವೆ. ಲೈಕೆನ್‌ಗೆ ಬೇರಿಲ್ಲ, ಮೈಯೆಲ್ಲಾ ನೀರು ಹೀರುತ್ತದೆ. ಸತ್ತು ಒಣಗಿದ ಮೇಲೂ ಆ ಗುಣ ಹೋಗುವುದಿಲ್ಲ.

ಬರೀ ನೀರು ಸಾಕಾಗುವುದಿಲ್ಲ, ಅದು ಆರಿದ ಮೇಲೆ ಮತ್ತದೇ ಕಥೆ. ಇಲ್ಲಿ ಬೇಕಾಗಿರುವುದು ಗ್ಲಿಸರಿನ್. ಅದು ಆರಿ ಹೋಗುವುದಿಲ್ಲ, ಗಾಳಿಯಲ್ಲಿರುವ ತೇವವನ್ನೂ ಎಳೆದುಕೊಳ್ಳುತ್ತದೆ. ಅಂಗಡಿಯಿಂದ ತಂದಾಗ ಲೈಕೆನ್ ಮೆತ್ತಗಿರುವುದೂ ಸಾಮಾನ್ಯವಾಗಿ ಇದರಿಂದಲೇ.

ನಾನು ಮೂರು ಲೋಟ ಬಿಸಿನೀರಿಗೆ ಒಂದು ಲೋಟ ಗ್ಲಿಸರಿನ್ ಹಾಕುತ್ತೇನೆ. ಕುದಿಯುವ ನೀರು ಬೇಡ, ಕೈ ತಡೆಯುವಷ್ಟು ಬಿಸಿ ಸಾಕು. ನೀರಲ್ಲಿ ನೆನೆದು ಮೆತ್ತಗಾದ ಲೈಕೆನ್ ಅದರಲ್ಲಿ ಮುಳುಗಿಸಿ, ಮೇಲೊಂದು ತಟ್ಟೆ ಮುಚ್ಚಿ ರಾತ್ರಿಯಿಡೀ ಬಿಡಿ. ಬಣ್ಣ ಹಾಕಿದ ಲೈಕೆನ್ ಆಗಿದ್ದರೆ ಒಂದೊಂದು ಬಣ್ಣಕ್ಕೂ ಬೇರೆ ಪಾತ್ರೆ ಇಡಿ, ಯಾಕಂದ್ರೆ ಬಣ್ಣ ಬಿಡುತ್ತದೆ. ಮಂಕಾಗಿದ್ದರೆ ಬಟ್ಟೆಗೆ ಹಾಕುವ ಬಣ್ಣವನ್ನು ಅದೇ ನೀರಿಗೆ ಬೆರೆಸಬಹುದು.

ಮಾರನೇ ದಿನ ಹಿಡಿಯಲ್ಲಿ ಮೆಲ್ಲಗೆ ಒತ್ತಿ ಹಿಂಡಿ. ಬಟ್ಟೆ ಹಿಂಡುವ ಹಾಗೆ ತಿರುಚಬೇಡಿ. ನ್ಯೂಸ್‌ಪೇಪರ್ ಮೇಲೆ ನೆರಳಲ್ಲಿ ಹರಡಿ, ದಿನಕ್ಕೊಮ್ಮೆ ಪೇಪರ್ ಬದಲಾಯಿಸಿ. ಒತ್ತಿದಾಗ ಪೇಪರ್ ಮೇಲೆ ಒದ್ದೆ ಗುರುತು ಬೀಳದಿದ್ದರೆ ಆಯ್ತು. ಮೂರು ನಾಲ್ಕು ದಿನ ಬೇಕು. ಆಮೇಲೂ ಅಂಟಂಟಾಗಿದ್ದರೆ ಗ್ಲಿಸರಿನ್ ಜಾಸ್ತಿಯಾಗಿದೆ ಅಂತ ಅರ್ಥ. ಒಮ್ಮೆ ನೀರಲ್ಲಿ ಅದ್ದಿ ಮತ್ತೆ ಒಣಗಿಸಿ.

ಮಾಡೆಲ್‌ನಲ್ಲಿ ಈಗಾಗಲೇ ಅಂಟಿಸಿರುವ ಪೊದೆಗಳಿಗೆ ಇದೇ ದ್ರಾವಣವನ್ನು ಇನ್ನಷ್ಟು ತೆಳು ಮಾಡಿ ಸಿಂಪಡಿಸಿ. ರೈಲು ಹಳಿ ಇದ್ದರೆ ಮೊದಲು ಟೇಪ್ ಅಂಟಿಸಿ ಮುಚ್ಚಿ. ಗ್ಲಿಸರಿನ್ ಬಿದ್ದರೆ ಚಕ್ರ ಜಾರುತ್ತದೆ.

ಮಿಕ್ಕ ಲೈಕೆನ್ ಅನ್ನು ಜಿಪ್ ಕವರಿನಲ್ಲಿ ಹಾಕಿ, ಬಿಸಿಲು ತಾಗದ ಕಡೆ ಇಡಿ. ಒದ್ದೆಯಿರುವಾಗಲೇ ಕಟ್ಟಿಟ್ಟರೆ ಬೂಸ್ಟು ಬರುತ್ತದೆ.

ಇಷ್ಟೆಲ್ಲಾ ಯಾಕೆ, ಹೊಸದು ತಂದರಾಯ್ತಲ್ವಾ ಅಂತ ಅನಿಸಬಹುದು. ಮಾಡೆಲ್‌ಗಳಿಗೆ ಹೆಚ್ಚಾಗಿ ಬಳಸುವುದು ಉತ್ತರದ ಚಳಿನಾಡುಗಳಲ್ಲಿ ಬೆಳೆಯುವ ಕ್ಲಾಡೋನಿಯಾ ಜಾತಿಯ ಲೈಕೆನ್. ಚಳಿಗಾಲದಲ್ಲಿ ಹಿಮಸಾರಂಗಗಳಿಗೆ ಅದೇ ಮೇವು. ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ನಿಮ್ಮ ಡಬ್ಬದಲ್ಲಿರುವ ಒಂದು ಗೊಂಚಲು ಅಷ್ಟಾಗಲು ಎಷ್ಟೋ ವರ್ಷ ಹಿಡಿದಿರುತ್ತದೆ. ಅದಕ್ಕೇ ತಳದಲ್ಲಿ ಉಳಿದ ಪುಡಿಯನ್ನೂ ನಾನು ಬಿಸಾಡುವುದಿಲ್ಲ. ಮರದ ಬುಡದಲ್ಲಿ ಅಂಟು ಸವರಿ ಮೇಲೆ ಉದುರಿಸಿದರೆ, ತರಗೆಲೆ ಬಿದ್ದ ನೆಲದ ಹಾಗೇ ಕಾಣುತ್ತದೆ.