ಅಪ್ಪನ ಕಣ್ಣೊಳಗಿನ ಗುಲಾಬಿ ದಪ್ಪ

ಪ್ರಶ್ನೆ: ಅಪ್ಪನಿಗೆ 66 ವರ್ಷ. ಕೆಳರೆಪ್ಪೆ ಎಳೆದರೆ ಒಳಗೆ ಗುಲಾಬಿ ಬಣ್ಣದ ದಪ್ಪ ಕಾಣುತ್ತದೆ. ನೋವಿಲ್ಲ. ಸ್ಟಿರಾಯ್ಡ್ ಡ್ರಾಪ್ಸ್ ಹಾಕಿದಾಗ ಇಳಿದಿತ್ತು, ಮತ್ತೆ ಬಂತು. ಈಗ ಬಯಾಪ್ಸಿ ಅಂತಾರೆ. ಬೇಕಾ?
– ಓದುಗರು, ರೋಣ

ಉತ್ತರ: ಬೇಕು. ಇದು ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) ಇರಬಹುದು, ಬರೀ ಊತವೂ ಇರಬಹುದು. ಸ್ಟಿರಾಯ್ಡ್‌ಗೆ ಲಿಂಫೋಮಾ ಕೂಡ ಕುಗ್ಗುತ್ತದೆ. ಅಲರ್ಜಿ ಅಂದುಕೊಂಡು ನಾನೂ ಒಮ್ಮೆ ಮೋಸಹೋಗಿದ್ದೇನೆ. ಜಾಗ ಮರಗಟ್ಟಿಸಿ ಚೂರು ತೆಗೆಯುತ್ತಾರೆ, ಅಷ್ಟೇ. ತೆಗೆದದ್ದೆಲ್ಲವನ್ನೂ ಫಾರ್ಮಲಿನ್‌ಗೆ (ಕೆಡದಂತೆ ಇಡುವ ದ್ರಾವಣ) ಹಾಕಬೇಡಿ, ಜೀವಕೋಶಗಳ ಬಗೆ ಗುರುತಿಸುವ ಫ್ಲೋ ಸೈಟೋಮೆಟ್ರಿ ಪರೀಕ್ಷೆಗೆ ಸ್ವಲ್ಪ ಹಸಿಯಾಗಿಯೇ ಬೇಕಾಗಬಹುದು. ಬಯಾಪ್ಸಿಗೆಂದು ಹುಬ್ಬಳ್ಳಿಗೆ ಹೊರಡುವ ಮೊದಲೇ ಲ್ಯಾಬ್‌ಗೆ ಫೋನ್ ಮಾಡಿಸಿ. ಲ್ಯಾಬ್‌ನಲ್ಲಿ ಸಿಡಿ20 (ಜೀವಕೋಶದ ಮೇಲಿನ ಒಂದು ಗುರುತು ಪ್ರೋಟೀನ್) ಬಣ್ಣ ಹಿಡಿದರೆ ಬಿ ಜೀವಕೋಶಗಳೆಂದು, ಅಂದರೆ ಬಿಳಿ ರಕ್ತಕಣಗಳ ಒಂದು ಬಗೆಯೆಂದು, ಗೊತ್ತಾಗುತ್ತದೆ. ಕಣ್ಣಿನ ಈ ಜಾಗದ ಲಿಂಫೋಮಾಗಳಲ್ಲಿ ಜಾಸ್ತಿ ಸಿಗುವುದು ಮಾಲ್ಟ್ ಎಂಬ ಬಗೆ, ನಿಧಾನವಾಗಿ ಬೆಳೆಯುವಂಥದ್ದು. ಲಿಂಫೋಮಾ ಅಂತಲೇ ಬಂದರೆ ಮೈಯಲ್ಲಿ ಬೇರೆಡೆ ಇದೆಯಾ ಅಂತ ಸ್ಕ್ಯಾನ್ ಆಗಲೇಬೇಕು. ಅಲ್ಲಿಯವರೆಗೆ ಆ ಡ್ರಾಪ್ಸ್ ಸುಮ್ನೆ ಹಾಕುತ್ತಾ ಹೋಗಬೇಡಿ, ವೈದ್ಯರನ್ನು ಕೇಳಿ.